ಹಳೆಯ ಝೆನ್‌ಗೆ ಎಸ್ಟೀಮ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಹಾಕಿಸುವುದು ಸರಿಯೇ?

ಪ್ರಶ್ನೆ — ಬರೆದವರು: ಮಂಜಿನೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1999ರ ಮಾರುತಿ ಝೆನ್ ಕಾರಿದೆ. ಕಾರ್ಬ್ಯುರೇಟರ್ ಇರುವ ಮಾದರಿ, 993 ಸಿಸಿಯ ಜಿ10ಬಿ ಎಂಜಿನ್, ಐದು ಗೇರು. ತಂದೆಯವರು ಹೊಸದಾಗಿ ಕೊಂಡ ಕಾರಾದ್ದರಿಂದ ಅದನ್ನು ಮಾರುವ ಯೋಚನೆ ನಮ್ಮಲ್ಲಿ ಯಾರಿಗೂ ಇಲ್ಲ. ಆರ್‌ಸಿಯನ್ನು ಕ್ರಮವಾಗಿ ನವೀಕರಿಸಿದ್ದೇವೆ, ಅದು 2029ರವರೆಗೆ ಚಾಲ್ತಿಯಲ್ಲಿದೆ. ಸಕಲೇಶಪುರದ ಒಳಗಿನ ಓಡಾಟದ ಜೊತೆಗೆ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರುವುದು ಈ ಕಾರಿನ ಮುಖ್ಯ ಕೆಲಸ.

ಈಗ ಎರಡು ತೊಂದರೆಗಳಿವೆ. ಮೊದಲನೆಯದಾಗಿ, ಎಂಜಿನ್ ಆಯಿಲ್ ಕಡಿಮೆಯಾಗುತ್ತಿದೆ ಮತ್ತು ಸೈಲೆನ್ಸರ್‌ನಿಂದ ಆಗಾಗ ನೀಲಿ ಹೊಗೆ ಬರುತ್ತಿದೆ. ಎರಡನೆಯದಾಗಿ, ಮೂರನೇ ಗೇರಿನಿಂದ ಎರಡಕ್ಕೆ ಇಳಿಸುವಾಗ ಗರಗರ ಸದ್ದು ಬಂದು ಗೇರು ಕೂರಲು ತಡವಾಗುತ್ತದೆ. ಇದನ್ನು ನೋಡಿದ ಒಬ್ಬ ಮೆಕ್ಯಾನಿಕ್, ಹಳೆಯ ಎಂಜಿನ್‌ಗೆ ಹಣ ಸುರಿಯುವುದಕ್ಕಿಂತ ಗುಜರಿಯಲ್ಲಿ ಸಿಗುವ 2004ರ ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ನಿಯಂತ್ರಣದಲ್ಲಿ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಮತ್ತು ಅದರದೇ ಗೇರ್‌ಬಾಕ್ಸ್ ತಂದು ಕೂರಿಸುವುದು ಒಳ್ಳೆಯದು, ಎರಡೂ ಒಂದೇ ಜಾತಿಯ ಎಂಜಿನ್‌ಗಳಾದ್ದರಿಂದ ಹೆಚ್ಚು ಕೆಲಸವಿಲ್ಲ, ಘಾಟಿಯಲ್ಲಿ ಪಿಕಪ್ ಕೂಡ ಚೆನ್ನಾಗಿರುತ್ತದೆ ಎಂದು ಹೇಳಿದ್ದಾರೆ. ಈ ಮಾತು ಎಷ್ಟರ ಮಟ್ಟಿಗೆ ನಿಜ, ಏನೇನು ಬದಲಾಯಿಸಬೇಕಾಗುತ್ತದೆ, ಕಾಗದಪತ್ರದ ವಿಷಯದಲ್ಲಿ ಏನು ಮಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ — ಬರೆದವರು: ಲೇತ್‌ಮನೆ

ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ಒಂದು ಮಾತು ಸರಿಯಿದೆ. ಝೆನ್‌ನ ಜಿ10ಬಿ ಮತ್ತು ಎಸ್ಟೀಮ್‌ನ ಜಿ13 ಎರಡೂ ಸುಜುಕಿಯ ಜಿ ಸರಣಿಗೆ ಸೇರಿದ, ಅಲ್ಯುಮಿನಿಯಂ ಬ್ಲಾಕಿನ, ಟೈಮಿಂಗ್ ಬೆಲ್ಟಿನ ನಾಲ್ಕು ಸಿಲಿಂಡರ್ ಎಂಜಿನ್‌ಗಳು. ಜಿ10ಬಿಯ ಬೋರ್ (ಸಿಲಿಂಡರಿನ ವ್ಯಾಸ) 72 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 61 ಮಿಲಿಮೀಟರ್. ಜಿ13ರಲ್ಲಿ ಬೋರ್ 74, ಸ್ಟ್ರೋಕ್ 75.5. ಆದ್ದರಿಂದ ಕೂರಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. ರ‍್ಯಾಲಿ ಓಡಿಸುವವರು ಮಾಡಿ ತೋರಿಸಿದ್ದಾರೆ. ಆದರೆ ನಿಮ್ಮ ಕಾರಿಗೆ ಅದು ಬೇಕೇ ಎಂಬುದನ್ನು ತೀರ್ಮಾನಿಸುವ ಮೊದಲು, ಈಗಿರುವ ಎಂಜಿನ್‌ನ ಯಾವ ಭಾಗ ಸವೆದಿದೆ ಎಂದು ತಿಳಿಯಬೇಕು. ಹೊಗೆ ಕಂಡ ಕೂಡಲೇ ಎಂಜಿನ್ ಮುಗಿಯಿತು ಎಂದು ಹೇಳುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಇದರಿಂದ ಎಷ್ಟೋ ಒಳ್ಳೆಯ ಎಂಜಿನ್‌ಗಳು ಕಾಲಕ್ಕೆ ಮೊದಲೇ ಗುಜರಿಗೆ ಹೋಗುತ್ತಿವೆ.

ಹೊಗೆ ಯಾವಾಗ ಬರುತ್ತದೆ ಎಂಬುದನ್ನು ಮೊದಲು ಗಮನಿಸಿ. ಘಾಟಿ ಏರುವಾಗ, ಎಂಜಿನ್ ಮೇಲೆ ಭಾರ ಬಿದ್ದಷ್ಟು ಹೊತ್ತೂ ಒಂದೇ ಸಮನೆ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿದೆ ಎಂದು ಅನುಮಾನಿಸಬೇಕು. ಆಕ್ಸಿಲರೇಟರ್ ಬಿಟ್ಟು, ಗೇರಿನಲ್ಲೇ ಬಹಳ ದೂರ ಇಳಿದು, ಕೆಳಗೆ ಬಂದ ಮೇಲೆ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ ದಟ್ಟ ಹೊಗೆ ಬಂದು ಆಮೇಲೆ ತಿಳಿಯಾಗುತ್ತಿದ್ದರೆ ಅದು ಹೆಚ್ಚಾಗಿ ವಾಲ್ವ್ ಸೀಲ್‌ಗಳ (ವಾಲ್ವ್ ಕಾಂಡದ ಸುತ್ತ ಆಯಿಲ್ ತಡೆಯುವ ರಬ್ಬರ್ ಸೀಲ್‌ಗಳ) ದೋಷ. ಇಳಿಯುವಾಗ ಥ್ರಾಟಲ್ ಮುಚ್ಚಿರುವುದರಿಂದ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಹೆಚ್ಚಾಗಿ, ಗಟ್ಟಿಯಾದ ಹಳೆಯ ಸೀಲ್‌ಗಳ ಸಂದಿಯಿಂದ ಆಯಿಲ್ ಒಳಗೆ ಎಳೆಯಲ್ಪಡುತ್ತದೆ. ಬೆಳಿಗ್ಗೆ ಮೊದಲು ಸ್ಟಾರ್ಟ್ ಮಾಡಿದಾಗ ಮಾತ್ರ ಕಾಣುವ ಹೊಗೆಗೂ ಸಾಮಾನ್ಯವಾಗಿ ಇದೇ ಕಾರಣ. ಸೀಲ್ ಬದಲಿಸುವುದಕ್ಕೂ ಎಂಜಿನ್ ಬದಲಿಸುವುದಕ್ಕೂ ಖರ್ಚಿನಲ್ಲಿ ಹೋಲಿಕೆಯೇ ಇಲ್ಲ.

ಎರಡನೆಯದು ಕಂಪ್ರೆಷನ್ ಪರೀಕ್ಷೆ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಹುಟ್ಟಿಸುತ್ತದೆ ಎಂದು ಪ್ಲಗ್ ರಂಧ್ರಕ್ಕೆ ಗೇಜ್ ಹಾಕಿ ಅಳೆಯುವುದು. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಆಕ್ಸಿಲರೇಟರನ್ನು ಕೊನೆಯವರೆಗೆ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಈ ಸರಣಿಯ ಎಂಜಿನ್‌ಗಳಿಗೆ ಚದರ ಸೆಂಟಿಮೀಟರಿಗೆ 14 ಕೆಜಿ ಸಾಮಾನ್ಯ ಅಳತೆ, 12 ಕೆಜಿ ಕನಿಷ್ಠ ಮಿತಿ. ಸಿಲಿಂಡರ್‌ಗಳ ನಡುವೆ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ಗೇರಿನ ಸದ್ದಿನ ಬಗ್ಗೆಯೂ ಒಂದು ಮಾತು. ರಿವರ್ಸ್ ಮತ್ತು ಮೊದಲನೇ ಗೇರಿಗೂ ಅದೇ ರೀತಿ ಉಜ್ಜುವ ಸದ್ದು ಬರುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಆಗ ಕೇಬಲ್ ಹೊಂದಿಸಿದರೇ ಸರಿಹೋಗಬಹುದು. ಎರಡನೇ ಗೇರಿಗೆ ಮಾತ್ರ ಬರುತ್ತಿದ್ದರೆ ಆ ಗೇರಿನ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್ (ಗೇರು ಕೂರುವ ಮೊದಲು ವೇಗ ಹೊಂದಿಸುವ ಬಳೆ) ಸವೆದಿದೆ. ಘಾಟಿಯಲ್ಲಿ ಪದೇ ಪದೇ ಮೂರರಿಂದ ಎರಡಕ್ಕೆ ಇಳಿಸುವ ಕಾರಿನಲ್ಲಿ ಮೊದಲು ಸವೆಯುವುದೇ ಅದು. ಈ ಪರೀಕ್ಷೆಗಳನ್ನು ಮಾಡಿಸಿ ಅಂಕಿಗಳನ್ನು ಇಲ್ಲಿ ಬರೆಯಿರಿ, ಆಮೇಲೆ ಮಾತಾಡೋಣ.

ಉತ್ತರ — ಬರೆದವರು: ಹದಿಮೂರುನೂರು

ಮೇಲಿನವರ ಪರೀಕ್ಷೆಗಳಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೂ ಎಸ್ಟೀಮ್ ಎಂಜಿನ್ ಕೂರಿಸುವ ವಿಚಾರವನ್ನು ಸಂಪೂರ್ಣವಾಗಿ ತಳ್ಳಿಹಾಕಬಾರದು ಎಂದು ನನಗೆ ಅನಿಸುತ್ತದೆ. ಕಾರ್ಬ್ಯುರೇಟರ್ ಝೆನ್ ಸುಮಾರು 50 ಅಶ್ವಶಕ್ತಿಯದು, ಎಂಪಿಎಫ್‌ಐ ಎಸ್ಟೀಮ್ 85 ಅಶ್ವಶಕ್ತಿಯದು, ಅದೂ ಎಸ್ಟೀಮ್‌ಗಿಂತ ಹಗುರವಾದ ಮೈಯಲ್ಲಿ. ನಾಲ್ಕು ಜನ ಕುಳಿತು ಘಾಟಿಯ ಕೆಳಗಿನ ಗುಂಡ್ಯದಿಂದ ಮೇಲಿನ ದೋಣಿಗಲ್‌ವರೆಗೆ ಏರುವಾಗ ಇದರ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. ಕಾರ್ಖಾನೆಯವರೇ ಇದೇ ಮೈಗೆ ಪೂಜೋ ಕಂಪನಿಯ 1527 ಸಿಸಿ ಡೀಸೆಲ್ ಎಂಜಿನ್ ಕೂರಿಸಿ ಝೆನ್ ಡಿ ಎಂದು ಮಾರಿದ್ದರು ಎಂಬುದನ್ನೂ ನೆನಪಿಡಬೇಕು. ಹಾಗಾಗಿ ಬಾನೆಟ್ ಅಡಿಯಲ್ಲಿ ಜಾಗವೇ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಆದರೆ ಹೆಚ್ಚು ಕೆಲಸವಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ. ಎಂಜಿನ್ ಇಳಿಸಿ ಕೂರಿಸುವುದು ಈ ಕೆಲಸದ ಚಿಕ್ಕ ಭಾಗ. ಅದರ ಸುತ್ತಲಿರುವುದನ್ನು ಹೊಂದಿಸುವುದರಲ್ಲಿ ಶ್ರಮವೂ ಹಣವೂ ಹೋಗುತ್ತವೆ. ನಿಮ್ಮ ಕಾರಿನಲ್ಲಿರುವ ಪೆಟ್ರೋಲ್ ಪಂಪ್ ಕ್ಯಾಮ್‌ಶಾಫ್ಟ್‌ನಿಂದ ನಡೆಯುವ, ಕಡಿಮೆ ಒತ್ತಡದ ಯಾಂತ್ರಿಕ ಪಂಪ್. ಎಂಪಿಎಫ್‌ಐಗೆ ಟ್ಯಾಂಕಿನೊಳಗೆ ಕೂರುವ ವಿದ್ಯುತ್ ಪಂಪ್ ಬೇಕು, ಅದರ ಒತ್ತಡವನ್ನು ತಡೆಯುವ ಪೈಪುಗಳು ಬೇಕು, ಆದ್ದರಿಂದ ಎಂಪಿಎಫ್‌ಐ ಝೆನ್‌ನ ಟ್ಯಾಂಕ್ ಹುಡುಕಿ ಹಾಕುವುದು ಸುರಕ್ಷಿತ ದಾರಿ. ಹಳೆಯ ರಬ್ಬರ್ ಪೈಪಿಗೆ ಕ್ಲಿಪ್ ಬಿಗಿದು ಹೊರಗಡೆ ಪಂಪ್ ಜೋಡಿಸುವ ಕೆಲಸವನ್ನು ದಯವಿಟ್ಟು ಯಾರಿಂದಲೂ ಮಾಡಿಸಬೇಡಿ. ಬಿಸಿ ಮ್ಯಾನಿಫೋಲ್ಡ್ ಪಕ್ಕದಲ್ಲಿ ಒಂದು ಪೈಪ್ ಬಿರುಕು ಬಿಟ್ಟರೆ ಕಾರು ಹೊತ್ತಿಕೊಳ್ಳುತ್ತದೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್, ವೇಗದ ಸೆನ್ಸರ್ ಇವೆಲ್ಲವೂ ಒಂದೇ ಕಾರಿನಿಂದ ಬರಬೇಕು. ಆ ಎಸ್ಟೀಮ್‌ನಲ್ಲಿ ಇಮ್ಮೊಬಿಲೈಸರ್ (ಕಳವು ತಡೆಯುವ ವ್ಯವಸ್ಥೆ) ಇದ್ದರೆ ಇಸಿಯುವಿಗೆ ಹೊಂದಿದ ಕೀಲಿಯೂ ಬರಬೇಕು, ಇಲ್ಲವಾದರೆ ಎಲ್ಲ ಜೋಡಿಸಿದ ಮೇಲೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಈ ಕಾರಣಕ್ಕೇ ಬಿಡಿ ಎಂಜಿನ್ ಕೊಳ್ಳುವ ಬದಲು, ಇನ್ನೂ ಓಡುತ್ತಿರುವ ಸ್ಥಿತಿಯ ಇಡೀ ಕಾರನ್ನು ನೋಡಿ, ಸ್ಟಾರ್ಟ್ ಮಾಡಿ, ಕಂಪ್ರೆಷನ್ ಅಳೆದು ಕೊಳ್ಳಬೇಕೆಂದು ಹೇಳುವುದು.

ಗೇರ್‌ಬಾಕ್ಸ್ ವಿಷಯದಲ್ಲಿ ಎರಡು ದಾರಿಗಳಿವೆ. ಝೆನ್‌ನದೇ ಗೇರ್‌ಬಾಕ್ಸ್ ಉಳಿಸಿಕೊಂಡರೆ ಡ್ರೈವ್ ಶಾಫ್ಟ್, ಗೇರ್ ಲಿವರಿನ ರಾಡ್, ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಎಲ್ಲವೂ ಇದ್ದಂತೆಯೇ ಇರುತ್ತವೆ, ಆದರೆ ಸಣ್ಣ ಎಂಜಿನ್‌ಗೆ ತಕ್ಕ ಗೇರಿಂಗ್ ಆದ್ದರಿಂದ ಹೆದ್ದಾರಿಯಲ್ಲಿ ದೊಡ್ಡ ಎಂಜಿನ್ ಅನಗತ್ಯವಾಗಿ ಹೆಚ್ಚು ಸುತ್ತು ತಿರುಗುತ್ತದೆ. ಎಸ್ಟೀಮ್‌ನದನ್ನು ಹಾಕಿದರೆ ಡ್ರೈವ್ ಶಾಫ್ಟ್‌ನ ಉದ್ದ, ಒಳತುದಿಯ ಹಲ್ಲುಗಳು, ಮೌಂಟಿಂಗ್ ಬ್ರ್ಯಾಕೆಟ್, ಸ್ಪೀಡೋಮೀಟರ್ ನಡೆಸುವ ಗೇರಿನ ಹಲ್ಲುಗಳು ಇವೆಲ್ಲವನ್ನೂ ಎರಡು ಕಾರುಗಳಿಂದ ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ಅಳೆಯಬೇಕು.

ಯಾವ ಗೇರ್‌ಬಾಕ್ಸ್ ಎಷ್ಟು ಅನುಪಾತದ್ದು, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂದು ಮಾರುವವರ ಮಾತಿನಿಂದ ತಿಳಿಯುವುದಿಲ್ಲ, ಅಳೆದೇ ತಿಳಿಯಬೇಕು. ಕಾರಿನಲ್ಲೇ ಇರುವಾಗ ಪ್ಲಗ್‌ಗಳನ್ನು ಬಿಚ್ಚಿ, ಐದನೇ ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಲ್ಲಿ ಎತ್ತಿ, ಆ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಆಗ ಕ್ರ್ಯಾಂಕ್ ಪುಲ್ಲಿ ಎಷ್ಟು ಸುತ್ತು ತಿರುಗಿತೋ ಅದೇ ಐದನೇ ಗೇರಿನ ಒಟ್ಟು ಅನುಪಾತ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಡಿಫರೆನ್ಷಿಯಲ್ ಅರ್ಧ ವೇಗದಲ್ಲಿ ತಿರುಗುತ್ತದೆ, ಎರಡು ಸುತ್ತು ಹೇಳಿದ್ದು ಅದಕ್ಕಾಗಿ. ಝೆನ್‌ನ 145/70 ಆರ್13 ಟೈರಿನ ಸುತ್ತಳತೆ ಸುಮಾರು 1.67 ಮೀಟರ್, ಅಂದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಒಟ್ಟು ಅನುಪಾತ 3.5 ಇದ್ದರೆ ಎಂಜಿನ್ 2800 ಸುತ್ತಿನಲ್ಲಿರುತ್ತದೆ, 3.0 ಇದ್ದರೆ 2400ರಲ್ಲಿ. ಇಷ್ಟು ಲೆಕ್ಕವನ್ನು ಹಣ ಕೊಡುವ ಮೊದಲೇ ಮಾಡಿಕೊಂಡರೆ ಗೇರ್‌ಬಾಕ್ಸ್ ನಿಮ್ಮ ರಸ್ತೆಗೆ ಹೊಂದುತ್ತದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತದೆ. ರೇಡಿಯೇಟರ್ ಮತ್ತು ಮುಂದಿನ ಬ್ರೇಕ್‌ಗಳನ್ನೂ ದೊಡ್ಡ ಎಂಜಿನ್‌ಗೆ ತಕ್ಕಂತೆ ಮಾಡದೆ ಘಾಟಿಗೆ ಇಳಿಸಬಾರದು.

ಉತ್ತರ — ಬರೆದವರು: ಕಾಗದಪತ್ರ

ತಾಂತ್ರಿಕ ವಿಷಯವನ್ನು ಬಲ್ಲವರು ಬರೆದಿದ್ದಾರೆ. ನಾನು ಕಾನೂನಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಇಂತಹ ಕೆಲಸಗಳಲ್ಲಿ ಇದನ್ನು ಕೊನೆಗೆ ಯೋಚಿಸುವವರೇ ಹೆಚ್ಚು.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ಕಲಮನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ನಿಮ್ಮ ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆಯೂ 993 ಸಿಸಿ ಎಂಬ ಅಳತೆಯೂ ದಾಖಲಾಗಿವೆ. 1298 ಸಿಸಿಯ ಎಂಜಿನ್ ಕೂರಿಸಿದರೆ ಎರಡೂ ತಪ್ಪಾಗುತ್ತವೆ, ಮತ್ತು 2029ರಲ್ಲಿ ನವೀಕರಣಕ್ಕೆಂದು ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದಾಗ ತಪಾಸಣೆಯಲ್ಲಿ ಮೊದಲು ನೋಡುವುದೇ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು.

ವಿಮೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಮೂರನೇ ವ್ಯಕ್ತಿಯ ವಿಮೆಯ ಕಂತು ಎಂಜಿನ್ ಅಳತೆಯ ಮೇಲೆ ನಿಂತಿದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1000 ಸಿಸಿ ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗಿನದಕ್ಕೆ 3,416 ರೂಪಾಯಿ. ನೀವು ಸಣ್ಣ ಎಂಜಿನ್‌ನ ಕಂತು ಕಟ್ಟಿ ದೊಡ್ಡ ಎಂಜಿನ್ ಓಡಿಸುತ್ತಿರುವಾಗ ಅಪಘಾತವಾದರೆ, ವಿಮಾ ಕಂಪನಿ ನಿಮ್ಮ ಕಾರಿನ ಹಾನಿಗೆ ಹಣ ಕೊಡಲು ಒಪ್ಪದೆ ಹೋಗಬಹುದು, ಗಾಯಗೊಂಡವರಿಗೆ ಕೊಟ್ಟ ಪರಿಹಾರವನ್ನು ನಿಮ್ಮಿಂದಲೇ ವಸೂಲು ಮಾಡಲು ಕೇಳಬಹುದು. ಸಾವಿರದೈನೂರು ರೂಪಾಯಿಗಿಂತ ಕಡಿಮೆಯ ವ್ಯತ್ಯಾಸಕ್ಕೆ ಇಂತಹ ಹೊರೆಯನ್ನು ಮನೆಯವರ ಮೇಲೆ ಹಾಕುವುದು ಸರಿಯೆಂದು ನನಗೆ ತೋರುವುದಿಲ್ಲ.

ಅದೇ ತಯಾರಕರ, ಅದೇ ಮಾದರಿಯ ಇನ್ನೊಂದು ಜಿ10ಬಿ ಎಂಜಿನ್ ಕೂರಿಸುವುದು ಬೇರೆ ಮಾತು. ಮೊದಲು ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಅನುಮತಿ ಪಡೆದು, ಕೆಲಸ ಮುಗಿದ ಮೇಲೆ ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ಸೇರಿಸಿಕೊಳ್ಳಬೇಕು. ಎಂಜಿನ್ ಕೊಂಡ ರಸೀದಿ, ಅದು ಬಂದ ಕಾರಿನ ನೋಂದಣಿ ರದ್ದಾದ ದಾಖಲೆ, ಅದು ಕಳವಿನ ಮಾಲಲ್ಲ ಎಂಬುದಕ್ಕೆ ಆಧಾರ ಇವುಗಳನ್ನು ಜೋಪಾನವಾಗಿಡಿ. ರಸೀದಿ ಕೊಡದವರಿಂದ ಎಂಜಿನ್ ಕೊಳ್ಳಬೇಡಿ, ಬೆಲೆ ಎಷ್ಟೇ ಕಡಿಮೆಯಿರಲಿ. ಗೇರ್‌ಬಾಕ್ಸ್‌ನ ಸಂಖ್ಯೆ ಆರ್‌ಸಿಯಲ್ಲಿ ಇರುವುದಿಲ್ಲ. ಹಾಗಾಗಿ ಅದೇ ಮಾದರಿಯ ಗೇರ್‌ಬಾಕ್ಸ್ ಬದಲಿಸುವುದು ಸಾಮಾನ್ಯ ರಿಪೇರಿಯೆಂದೇ ಲೆಕ್ಕ.

ಮರುಪ್ರಶ್ನೆ — ಬರೆದವರು: ಮಂಜಿನೂರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹೊಗೆಯನ್ನು ಗಮನಿಸಿದೆ. ಏರುವಾಗ ಹಿಂದಿನ ಕಾರಿನಲ್ಲಿ ಬಂದ ನನ್ನ ತಮ್ಮನಿಗೆ ಏನೂ ಕಾಣಲಿಲ್ಲ. ಇಳಿದು ಗುಂಡ್ಯ ದಾಟಿ ಮತ್ತೆ ವೇಗ ಹೆಚ್ಚಿಸಿದಾಗ ದಟ್ಟವಾಗಿ ಬಂದು ನಿಂತುಹೋಯಿತು. ಗೇರಿನ ಸದ್ದು ಎರಡನೆಯದಕ್ಕೆ ಮಾತ್ರ. ರಿವರ್ಸ್ ಸಲೀಸಾಗಿ ಬೀಳುತ್ತದೆ. ಊರಿನಲ್ಲೇ ಕಂಪ್ರೆಷನ್ ಅಳೆಸಿದಾಗ ನಾಲ್ಕು ಸಿಲಿಂಡರ್‌ಗಳಲ್ಲಿ ಕ್ರಮವಾಗಿ 12.2, 12.0, 12.3, 11.9 ಬಂದಿದೆ. ಒಂದು ಸಿಲಿಂಡರ್ ಮಿತಿಗಿಂತ ಕೆಳಗಿರುವುದರಿಂದ ಎಂಜಿನ್ ಬೋರ್ ಮಾಡಿಸಲೇಬೇಕು (ಸಿಲಿಂಡರ್ ಕೊರೆದು ದೊಡ್ಡ ಪಿಸ್ಟನ್ ಹಾಕಿಸಬೇಕು) ಎಂದು ಅಳೆದವರು ಹೇಳುತ್ತಿದ್ದಾರೆ. ಹಾಗೆಯೇ ಮಾಡಿಸಲೇ?

ಉತ್ತರ — ಬರೆದವರು: ಲೇತ್‌ಮನೆ

ಈಗಲೇ ಬೋರ್ ಮಾಡಿಸಬೇಡಿ. ನೀವು ಅಳೆಸಿದ ಊರು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ ಇರುವುದರಿಂದ ಸಿಲಿಂಡರಿನೊಳಗೆ ಸೇರುವ ಗಾಳಿಯೂ ಅಷ್ಟೇ ಕಡಿಮೆ, ಅಳತೆಯಲ್ಲಿ ಬರುವ ಅಂಕಿಯೂ ಅಷ್ಟೇ ಕೆಳಗೆ. ಪುಸ್ತಕದಲ್ಲಿರುವ 14 ನಿಮ್ಮ ಊರಿನಲ್ಲಿ 12.6ರ ಸುಮಾರಿಗೆ ಬರುತ್ತದೆ, ಕನಿಷ್ಠ ಮಿತಿಯಾದ 12 ಸುಮಾರು 10.8ಕ್ಕೆ ಇಳಿಯುತ್ತದೆ. ಅಂದರೆ ನಿಮ್ಮ ನಾಲ್ಕೂ ಸಿಲಿಂಡರ್‌ಗಳು ಮಿತಿಗಿಂತ ಚೆನ್ನಾಗಿ ಮೇಲಿವೆ, ಮತ್ತು ಅವುಗಳ ನಡುವಿನ ವ್ಯತ್ಯಾಸ ಬರೀ 0.4. ಇಷ್ಟು ವಯಸ್ಸಾದ ಎಂಜಿನ್‌ಗೆ ಇದು ಸಂತೋಷಪಡಬೇಕಾದ ಫಲಿತಾಂಶ. ಏರುವಾಗ ಹೊಗೆ ಬಾರದಿರುವುದೂ ಇದಕ್ಕೆ ಹೊಂದುತ್ತದೆ. ಅನುಮಾನ ಉಳಿದರೆ ಮಂಗಳೂರಿನಲ್ಲಿ ಇನ್ನೊಮ್ಮೆ ಅಳೆಸಿ ನೋಡಿ, 13ರ ಮೇಲೆ ಬರಬೇಕು.

ನಿಮ್ಮ ಎಂಜಿನ್‌ಗೆ ವಾಲ್ವ್ ಸೀಲ್ ಬೇಕಾಗಿದೆ. ಕಂಪ್ರೆಸರ್ ಗಾಳಿಯಿಂದ ವಾಲ್ವ್‌ಗಳನ್ನು ಎತ್ತಿ ಹಿಡಿದು, ಹೆಡ್ (ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ) ಇಳಿಸದೆಯೇ ಸೀಲ್ ಬದಲಿಸುವವರಿದ್ದಾರೆ. ಆದರೆ ಈ ಕಾರಿನಲ್ಲಿ ಹೆಡ್ ಇಳಿಸಿಯೇ ಮಾಡಿಸಿ ಎಂದು ನಾನು ಹೇಳುತ್ತೇನೆ, ಏಕೆಂದರೆ ವಾಲ್ವ್ ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ) ಸವೆದು ವಾಲ್ವ್ ಅಲುಗಾಡುತ್ತಿದ್ದರೆ ಹೊಸ ಸೀಲ್ ಬಹಳ ದಿನ ಬಾಳುವುದಿಲ್ಲ, ಅದನ್ನು ಹೆಡ್ ಮೇಜಿನ ಮೇಲಿಟ್ಟೇ ನೋಡಬೇಕು. ಹೆಡ್‌ನ ತಳ ಸಮತಟ್ಟಾಗಿದೆಯೇ ಎಂದು ನೇರಪಟ್ಟಿ ಮತ್ತು ಫೀಲರ್ ಗೇಜ್‌ನಿಂದ ಅಳೆಸಿ; 0.05 ಮಿಲಿಮೀಟರ್‌ಗಿಂತ ಹೆಚ್ಚು ಬಾಗಿದ್ದರೆ ಮಾತ್ರ ಮೇಲ್ಮೈ ಉಜ್ಜಿಸಬೇಕು. ಟೈಮಿಂಗ್ ಬೆಲ್ಟ್, ಟೆನ್ಷನರ್, ನೀರಿನ ಪಂಪ್ ಇವುಗಳನ್ನು ಇದೇ ಕೆಲಸದ ಜೊತೆ ಬದಲಿಸಿ.

ಗೇರ್‌ಬಾಕ್ಸ್‌ಗೆ ಗುಜರಿಯ ಇನ್ನೊಂದನ್ನು ತಂದು ಹಾಕುವುದಕ್ಕಿಂತ ನಿಮ್ಮದನ್ನೇ ಬಿಚ್ಚಿಸಿ ಎರಡನೇ ಗೇರಿನ ಸಿಂಕ್ರೊನೈಸರ್ ರಿಂಗ್ ಹಾಕಿಸುವುದು ಉತ್ತಮ. ಗುಜರಿಯದರ ಎರಡನೇ ಗೇರೂ ಅಷ್ಟೇ ದುಡಿದಿರುತ್ತದೆ. ರಿಂಗ್ ಕೂರುವ ಗೇರಿನ ಚೂಪು ಹಲ್ಲುಗಳು ಮೊಂಡಾಗಿದ್ದರೆ ಆ ಗೇರನ್ನೂ ಬದಲಿಸಬೇಕಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸುವಾಗ ಹಳೆಯ ರಿಂಗನ್ನು ಕೈಯಲ್ಲೇ ಒಯ್ಯಿರಿ. ಗೇರ್‌ಬಾಕ್ಸ್ ಕೆಳಗಿಳಿದಿರುವಾಗ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಮತ್ತು ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ನೋಡದೆ ಮತ್ತೆ ಮೇಲೆತ್ತಿಸಬೇಡಿ. ಗೇರ್ ಆಯಿಲ್ ತುಂಬುವಾಗ ಜಿಎಲ್-4 ದರ್ಜೆಯದನ್ನೇ ಕೇಳಿ ಪಡೆಯಿರಿ. ಜಿಎಲ್-5 ಹೆಚ್ಚು ಒಳ್ಳೆಯದೆಂದು ಹೇಳಿ ಕೊಡುವವರಿದ್ದಾರೆ, ಆದರೆ ಅದರಲ್ಲಿರುವ ಗಂಧಕದ ಅಂಶ ಹೆಚ್ಚಾದ್ದರಿಂದ ಹಿತ್ತಾಳೆಯ ರಿಂಗ್‌ಗಳಿಗೆ ಅದು ಹಿತವಲ್ಲ.

ಉತ್ತರ — ಬರೆದವರು: ಹದಿಮೂರುನೂರು

ಈ ಅಂಕಿಗಳನ್ನು ನೋಡಿದ ಮೇಲೆ ನಾನೂ ಎಸ್ಟೀಮ್ ಎಂಜಿನ್‌ನ ಸಲಹೆಯನ್ನು ಒತ್ತಾಯಿಸುವುದಿಲ್ಲ. ಆ ಕೆಲಸ ರಸ್ತೆಯಿಂದ ಹೊರಗೆ, ಸ್ಪರ್ಧೆಗೆಂದೇ ಮೀಸಲಿಟ್ಟ ಕಾರಿಗೆ ತಕ್ಕದ್ದು. ಹೆಡ್ ಕೆಲಸ ಮುಗಿದ ಬಳಿಕ ಕಾರ್ಬ್ಯುರೇಟರನ್ನು ಸಕಲೇಶಪುರದಲ್ಲೇ ಹೊಂದಿಸಿ. ಮಂಗಳೂರಿನಲ್ಲಿ ಹೊಂದಿಸಿದ ಮಿಶ್ರಣ ನಿಮ್ಮ ಎತ್ತರದಲ್ಲಿ ಪೆಟ್ರೋಲ್ ಹೆಚ್ಚಾದಂತೆ ವರ್ತಿಸುತ್ತದೆ, ಏರಿನಲ್ಲಿ ಎಳೆತ ಕಡಿಮೆಯಾಗುವುದಕ್ಕೆ ಅದೂ ಒಂದು ಕಾರಣ. ಫ್ಲೋಟ್ ಮಟ್ಟ (ಕಾರ್ಬ್ಯುರೇಟರಿನೊಳಗಿನ ಪೆಟ್ರೋಲ್ ಮಟ್ಟ), ಏರ್ ಫಿಲ್ಟರ್, ಇಗ್ನಿಷನ್ ಟೈಮಿಂಗ್ ಮೂರನ್ನೂ ನೋಡಿದ ನಂತರವೇ ಮಿಶ್ರಣದ ಸ್ಕ್ರೂ ಮುಟ್ಟಲು ಹೇಳಿ, ಮತ್ತು ಅದೇ ದಿನ ಹೊಗೆ ತಪಾಸಣೆಯ ಕೇಂದ್ರದಲ್ಲಿ ಇಂಗಾಲದ ಮಾನಾಕ್ಸೈಡ್ ಎಷ್ಟು ಬರುತ್ತಿದೆ ಎಂದು ಅಳೆಸಿಕೊಳ್ಳಿ.